ಗೆದ್ದ ನೆಲವನ್ನು ಯಾರ ಕೈಗೆ ಒಪ್ಪಿಸುವುದು?

1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಮರುವರ್ಷದ ಮಾರ್ಚ್ ಹೊತ್ತಿಗೆ ಭಾರತದ ಸೇನೆ ಅಲ್ಲಿಂದ ಹೊರಟಿತ್ತು. ಗೆಲುವಿನ ಮಾತು ಬಂದಾಗಲೆಲ್ಲ 93 ಸಾವಿರ ಸೆರೆಯಾಳುಗಳನ್ನು ನೆನೆಯುತ್ತೇವೆ. ಆ ಯುದ್ಧದ ನಿಜವಾದ ಹಿರಿಮೆ ಇರುವುದು ಸೇನೆ ಮರಳಿ ಬಂದದ್ದರಲ್ಲಿ. ಹಾಗೆ ಬರಲು ಸಾಧ್ಯವಾಗಿಸಿದವರು ಅಲ್ಲಿನ ಮತದಾರರು. 1970ರ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳ ಪೈಕಿ 160 ಅವಾಮಿ ಲೀಗ್‌ಗೆ ಸಂದಿದ್ದವು. ಆ ತೀರ್ಪನ್ನು ತುಳಿಯಲೆಂದೇ 1971ರ ಮಾರ್ಚ್ 25ರ ರಾತ್ರಿ ಹತ್ಯಾಕಾಂಡ ಶುರುವಾಯಿತು, ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದರು. ಹೊರಗಿನ ಸೈನ್ಯ ಒಂದು ಸರ್ಕಾರವನ್ನು ಕಿತ್ತುಹಾಕಬಹುದಾದರೆ ಇಂಥ ಕಡೆ ಮಾತ್ರ: ಕೊಲೆ ನಡೆಯುತ್ತಿರಬೇಕು, ತಮ್ಮನ್ನು ಆಳಬೇಕಾದವರು ಯಾರೆಂದು ಜನ ಮೊದಲೇ ಹೇಳಿರಬೇಕು.

ಲಿಬಿಯಾದಲ್ಲಿ ಮೊದಲನೆಯದಿತ್ತು, ಎರಡನೆಯದಿರಲಿಲ್ಲ. 2011ರ ಮಾರ್ಚ್‌ನಲ್ಲಿ ಗಡಾಫಿಯ ಪಡೆಗಳು ಬೆಂಗಾಜಿಯತ್ತ ನುಗ್ಗುತ್ತಿದ್ದಾಗ, ನಾಗರಿಕರನ್ನು ರಕ್ಷಿಸಲು ಬಲ ಬಳಸಬಹುದೆಂದು ಭದ್ರತಾ ಮಂಡಳಿ ಒಪ್ಪಿತು. ಭಾರತ ಸೇರಿ ಐದು ದೇಶಗಳು ಮತದಾನದಿಂದ ದೂರ ಉಳಿದವು. ಬೆಂಗಾಜಿ ಉಳಿಯಿತು, ಅಷ್ಟು ಸರಿಯಾದ ಕೆಲಸವೇ. ಆದರೆ ನ್ಯಾಟೊ ಬಾಂಬ್ ದಾಳಿ ಅಲ್ಲಿಗೆ ನಿಲ್ಲದೆ, ಅಕ್ಟೋಬರ್‌ನಲ್ಲಿ ಗಡಾಫಿ ಸಾಯುವವರೆಗೂ ನಡೆಯಿತು. ಚುನಾಯಿತ ನಾಯಕತ್ವವೇ ಇಲ್ಲದ ನೆಲದಲ್ಲಿ ಅಧಿಕಾರ ಬಂದೂಕು ಹಿಡಿದ ಗುಂಪುಗಳಲ್ಲಿ ಹಂಚಿಹೋಯಿತು. 2014ರ ವೇಳೆಗೆ ದೇಶ ಮತ್ತೆ ಅಂತರ್ಯುದ್ಧದಲ್ಲಿತ್ತು.

1971ರಲ್ಲಿ ಭಾರತಕ್ಕೂ ಸ್ವಾರ್ಥವಿತ್ತಲ್ಲ ಎಂದು ಕೇಳುವವರಿದ್ದಾರೆ. ಇತ್ತು, ಪಾಕಿಸ್ತಾನ ಒಡೆಯುವುದು ದೆಹಲಿಗೆ ಬೇಕೇ ಆಗಿತ್ತು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 104 ದೇಶಗಳು ಕದನವಿರಾಮಕ್ಕೂ ಸೇನೆಗಳ ವಾಪಸಾತಿಗೂ ಮತ ಹಾಕಿದ್ದವು. ಆದರೆ ಶುದ್ಧ ಮನಸ್ಸಿನ ರಾಷ್ಟ್ರಕ್ಕಾಗಿ ಕಾಯುತ್ತ ಕೂತರೆ ಯಾರೂ ಬರುವುದಿಲ್ಲ. ಪೋಲ್ ಪಾಟ್‌ನ ನರಕದಿಂದ ಕಾಂಬೋಡಿಯಾವನ್ನು ಬಿಡಿಸಿದ್ದು ವಿಯೆಟ್ನಾಂ, ಅದೂ ತನ್ನ ಗಡಿಯ ಸುರಕ್ಷತೆಗಾಗಿ. ಆ ಉಪಕಾರಕ್ಕೆ ಮಸಿ ಹತ್ತಿದ್ದು ತನಗೆ ಬೇಕಾದವರನ್ನು ಕೂರಿಸಿ ಅದು ಹತ್ತು ವರ್ಷ ಅಲ್ಲೇ ನಿಂತಾಗ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ರುವಾಂಡಾದ ನರಮೇಧದ್ದು. ಚುನಾಯಿತ ನಾಯಕರಿಲ್ಲದ ಕಡೆ ಜನ ಸಾಯಲೆಂದು ಬಿಡುವುದೇ? ಖಂಡಿತ ಇಲ್ಲ. ಜೀವ ಉಳಿಸುವುದು ಬೇರೆ, ಸರ್ಕಾರ ಬದಲಿಸುವುದು ಬೇರೆ; ಮೊದಲನೆಯದಕ್ಕೆ ಕೊಲೆಯ ಸುದ್ದಿಯೊಂದೇ ಸಾಕು. 1994ರ ಏಪ್ರಿಲ್‌ನಲ್ಲಿ ಕಿಗಾಲಿಯ ಅಮಹೋರೊ ಕ್ರೀಡಾಂಗಣದಲ್ಲಿ ವಿಶ್ವಸಂಸ್ಥೆಯ ಕಾವಲಿನಡಿ ಸಾವಿರಾರು ಜನ ಬದುಕುಳಿದರು. ಅದೇ ನಗರದ ತಾಂತ್ರಿಕ ಶಾಲೆಯೊಂದರಲ್ಲಿ ಆಶ್ರಯ ಪಡೆದಿದ್ದವರನ್ನು ಏಪ್ರಿಲ್ 11ರಂದು ಬೆಲ್ಜಿಯಂ ಸೈನಿಕರು ಬಿಟ್ಟು ಹೋದ ಕೂಡಲೇ ಹತ್ಯೆ ಆರಂಭವಾಯಿತು. ಹತ್ತು ದಿನ ಕಳೆದು ಭದ್ರತಾ ಮಂಡಳಿ ಅಲ್ಲಿನ ಪಡೆಯನ್ನು 270 ಜನಕ್ಕೆ ಇಳಿಸಲು ತೀರ್ಮಾನಿಸಿತು. ಹಾಗೆ ಕೈ ಎತ್ತಿದ ದೊಡ್ಡ ದೇಶಗಳು ಇಂದಿಗೂ ಹೇಳಬಲ್ಲ ಯಾವ ಸಬೂಬೂ ಇಲ್ಲ.