ಸೈಕಲ್ ರಿಪೇರಿ: ರಸ್ತೆ ಬದಿಯ ಮೇಸ್ತ್ರಿಯೋ, ದೊಡ್ಡ ಅಂಗಡಿಯೋ?

ನಮ್ಮ ಪುಣೆಗೆ ಒಂದು ಕಾಲದಲ್ಲಿ ಸೈಕಲ್‌ಗಳ ಊರು ಅಂತಲೇ ಹೆಸರಿತ್ತು. ಈಗ ರಸ್ತೆ ತುಂಬ ಸ್ಕೂಟರ್, ಕಾರು. ಆದರೂ ಇಲ್ಲಿನ ಕನ್ನಡದವರಲ್ಲಿ ಭಾನುವಾರ ಸಿಂಹಗಡದ ಕಡೆಗೆ ಗೇರ್ ಸೈಕಲ್ ತುಳಿಯೋರಿದ್ದಾರೆ, ರಾತ್ರಿ ಪಾಳಿಗೆ ಕರಿ ಸೈಕಲ್‌ನಲ್ಲೇ ಹೋಗೋ ವಾಚ್‌ಮನ್‌ಗಳೂ ಇದ್ದಾರೆ. ಇಬ್ಬರೂ ಕೇಳೋ ಪ್ರಶ್ನೆ ಒಂದೇ: "ಸೈಕಲ್ ಎಲ್ಲಿ ಕೊಡೋದು?"

ನಾನು ಹೇಳೋದು ಇಷ್ಟೆ. ಅಂಗಡಿ ಯಾವುದು ಅಂತ ಹುಡುಕೋ ಮೊದಲು ಕೆಲಸ ಯಾವುದು ಅಂತ ನೋಡಿ. ಒಂದೊಂದು ಕೆಲಸ ಒಂದೊಂದು ಕೈಗೆ ಒಗ್ಗಿರತ್ತೆ.

ಮೊದಲು ರಸ್ತೆ ಬದಿಯ ಮೇಸ್ತ್ರಿ. ಪಂಕ್ಚರ್, ಬ್ರೇಕ್ ಶೂ, ಕೇಬಲ್, ಔಟ್ ಆದ ಚಕ್ರ ನೇರ ಮಾಡೋದು, ಹಬ್ ಬಿಚ್ಚಿ ಗ್ರೀಸ್ ಹಾಕೋದು ಇವೆಲ್ಲ ಅವರಿಗೆ ನಿತ್ಯದ ಕೆಲಸ. ಕರಿ ಸೈಕಲ್‌ನ ಕಾಟರ್ ಪಿನ್, ರಾಡ್ ಬ್ರೇಕ್ ಅಂದ್ರೆ ಅವರೇ ಸರಿ. ಹೊಳೆಯೋ ಶೋರೂಮ್‌ನಲ್ಲಿ ಆ ಪಾರ್ಟ್ ಸಿಗದೇ ಇರಬಹುದು. ಇನ್ನೊಂದು ವಿಷಯ, ದುಡಿಯೋರ ಸೈಕಲ್ ಮೂರು ದಿನ ಅಂಗಡಿಯಲ್ಲಿ ನಿಂತರೆ ಮೂರು ದಿನದ ಆಟೋ ಖರ್ಚು ಮೈಮೇಲೆ ಬರತ್ತೆ. ಕಣ್ಣೆದುರೇ ಮಾಡಿ ಕೊಡೋ ಮೇಸ್ತ್ರಿ ಅಲ್ಲಿ ದೊಡ್ಡ ಆಸರೆ.

ಒಂದು ಎಚ್ಚರಿಕೆ. ರೇಸಿಂಗ್ ಥರದ ಸೈಕಲ್‌ಗಳಲ್ಲಿ ಪ್ರೆಸ್ಟಾ ಅನ್ನೋ ತೆಳ್ಳಗಿನ ವಾಲ್ವ್ ಇರತ್ತೆ. ಸಾಮಾನ್ಯ ಪಂಪ್ ಅದಕ್ಕೆ ಕೂರಲ್ಲ. ಚಿಕ್ಕ ಹಿತ್ತಾಳೆ ಅಡಾಪ್ಟರ್ ಸಿಗತ್ತೆ, ಜೇಬಲ್ಲಿ ಇಟ್ಟುಕೊಳ್ಳಿ. ಗಾಳಿ ಎಷ್ಟಿರಬೇಕು ಅನ್ನೋದು ಟೈರಿನ ಪಕ್ಕದಲ್ಲೇ ಬರೆದಿರತ್ತೆ, ಅಂದಾಜಿನ ಮೇಲೆ ಬಿಡಬೇಡಿ.

ಎರಡನೆಯದು, ಸಲಕರಣೆ ಇರೋ ವರ್ಕ್‌ಶಾಪ್. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಇಲ್ಲಿಗೇ ಹೋಗಬೇಕು. ಕಾರಣ ಕೇಳಿ. ಶಿಮಾನೊ ಬ್ರೇಕ್‌ಗೆ ಮಿನರಲ್ ಆಯಿಲ್ ಹಾಕ್ತಾರೆ. ಬೇರೆ ಕೆಲವು ಬ್ರೇಕ್‌ಗಳಿಗೆ ಡಾಟ್ ಫ್ಲೂಯಿಡ್ ಬೇಕು, ಬೈಕ್, ಕಾರಿಗೆ ಹಾಕ್ತಾರಲ್ಲ, ಆ ಜಾತಿಯದು. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲ್ ಕೆಡತ್ತೆ. ಅಂಗಡಿ ಮುಂದೆ ಬ್ರೇಕ್ ಚೆನ್ನಾಗೇ ಹಿಡೀಬಹುದು, ಆಮೇಲೆ ಘಾಟ್ ಇಳಿಯುವಾಗ ಕೈಕೊಟ್ಟರೆ? ಹಾಗಾಗಿ "ಯಾವ ಆಯಿಲ್ ಹಾಕ್ತೀರಾ?" ಅಂತ ಕೇಳಿ. ತಿಳಿದವರು ಬ್ರೇಕ್ ಮೇಲಿನ ಹೆಸರು ನೋಡಿ ಹೇಳ್ತಾರೆ. "ಎಲ್ಲಾ ಒಂದೇ ಸಾರ್" ಅಂದ್ರೆ ಸೈಕಲ್ ವಾಪಸ್ ತಗೊಂಡು ಬನ್ನಿ. ಕಾರ್ಬನ್ ಫ್ರೇಮಿಗೂ ಇದೇ ಮಾತು. ಅದರ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್ ಇಟ್ಟು ಅಳತೆಗೆ ತಕ್ಕಂತೆ ಬಿಗಿ ಮಾಡಬೇಕು. ಕೈಗೆ ತೋಚಿದಷ್ಟು ತಿರುಗಿಸಿದರೆ ಬಿರುಕು ಬಿಡಬಹುದು.

ಮೂರನೆಯದು, ಸೈಕಲ್ ಕೊಂಡ ಅಂಗಡಿ. ಹೊಸ ಸೈಕಲ್‌ನಲ್ಲಿ ಮೊದಲ ತಿಂಗಳು ಕೇಬಲ್ ಸಡಿಲ ಆಗತ್ತೆ, ಕಡ್ಡಿಗಳೂ ಸಡಿಲ ಆಗಬಹುದು. ಫ್ರೀ ಸರ್ವಿಸ್ ಇದ್ದರೆ ಬಿಡಬೇಡಿ. ಆನ್‌ಲೈನ್‌ನಲ್ಲಿ ಡಬ್ಬದೊಳಗೆ ಬಂದ ಸೈಕಲ್ ಅನ್ನು, ಅದರಲ್ಲೂ ಮಕ್ಕಳದ್ದನ್ನು, ಓಡಿಸೋ ಮೊದಲು ಬಲ್ಲವರ ಕೈಲಿ ಒಮ್ಮೆ ನೋಡಿಸಿ. ಎಡಗಡೆ ಪೆಡಲ್‌ನ ಮರೆ ಉಲ್ಟಾ ಇರತ್ತೆ. ಗೊತ್ತಿಲ್ಲದೆ ಬಲವಂತವಾಗಿ ತಿರುಗಿಸಿದರೆ ಕ್ರ್ಯಾಂಕ್ ಹಾಳು.

ಸರಿ, ಅಂಗಡಿ ನಂಬಬಹುದಾ ಅಂತ ತಿಳಿಯೋದು ಹೇಗೆ? ನಾನು ಮೂರು ವಿಷಯ ನೋಡ್ತೀನಿ. ರೇಟು ಹೇಳೋ ಮೊದಲು ಚಕ್ರ ತಿರುಗಿಸಿ, ಕ್ರ್ಯಾಂಕ್ ಅಲ್ಲಾಡಿಸಿ ನೋಡ್ತಾರಾ? ಏನೇನು ಮಾಡ್ತೀವಿ, ಎಷ್ಟಾಗತ್ತೆ ಅಂತ ಚೀಟಿಯಲ್ಲಿ ಬರೆದು ಕೊಡ್ತಾರಾ? ಬದಲಾಯಿಸಿದ ಹಳೆ ಪಾರ್ಟ್ ವಾಪಸ್ ಕೊಡ್ತಾರಾ? ಕೇಳೋಕೆ ಭಾಷೆ ಅಡ್ಡ ಬಂದರೆ, ಪುಣೆ, ಮುಂಬೈಯಲ್ಲಿ "ಜುನಾ ಪಾರ್ಟ್ ದ್ಯಾ" ಅನ್ನಿ. ಹೈದರಾಬಾದಲ್ಲಿ "ಪಾತ ಪಾರ್ಟ್ ಇವ್ವಂಡಿ", ಚೆನ್ನೈಯಲ್ಲಿ "ಪಳೆಯ ಪಾರ್ಟ್ ಕುಡುಂಗ", ದೆಹಲಿಯಲ್ಲಿ "ಪುರಾನಾ ಪಾರ್ಟ್ ದೇ ದೀಜಿಯೇ". ಪರಊರಲ್ಲಿ ಈ ಒಂದು ವಾಕ್ಯ ಬಹಳ ದುಡ್ಡು ಉಳಿಸತ್ತೆ.

"ಚೈನ್ ಹೋಗಿದೆ" ಅಂದ್ರೆ ಕಣ್ಣು ಮುಚ್ಚಿ ಒಪ್ಪಬೇಡಿ, ಹಾಗಂತ ಜಗಳಾನೂ ಬೇಡ. ಮನೆಯಲ್ಲೇ ಅಳೀರಿ. 12 ಇಂಚಿನ ಸ್ಟೀಲ್ ಸ್ಕೇಲ್ ತಗೊಂಡು ಸೊನ್ನೆಯನ್ನು ಚೈನಿನ ಒಂದು ಪಿನ್‌ನ ನಡುವೆ ಇಡಿ. ಚೈನ್ ಚೆನ್ನಾಗಿದ್ದರೆ 12ರ ಗೆರೆಗೂ ಸರಿಯಾಗಿ ಒಂದು ಪಿನ್ ಬರತ್ತೆ. ಗೇರ್ ಸೈಕಲ್‌ನಲ್ಲಿ ಆ ಪಿನ್ ಸುಮಾರು ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಚೈನ್ ಬದಲಿಸೋ ಹೊತ್ತು. 3 ಮಿಲಿಮೀಟರ್ ಆಚೆ ಹೋಗಿದ್ದರೆ ಸವೆದ ಚೈನು ಹಿಂದಿನ ಹಲ್ಲುಗಳನ್ನೂ ತಿಂದಿರತ್ತೆ, ಆಗ ಖರ್ಚು ಎರಡಾಗತ್ತೆ. ಈ ಅಳತೆ ಗೊತ್ತಿದ್ದರೆ ನಿಮಗೆ ಯಾರೂ ಸುಮ್ಮನೆ ಚೈನ್ ಹಾಕಲ್ಲ. ನಿಜ ಹೇಳೋ ಮೇಸ್ತ್ರಿ ಮೇಲೆ ನೀವೂ ಸುಮ್ಮನೆ ಅನುಮಾನ ಪಡಲ್ಲ.

ಅಂಥ ಮೇಸ್ತ್ರಿ ಸಿಕ್ಕರೆ ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ, ಬಿಡಬೇಡಿ. ಇನ್ನು ಎಲ್ಲೇ ರಿಪೇರಿ ಮಾಡಿಸಿ, ದುಡ್ಡು ಕೊಡೋ ಮೊದಲು ಅಂಗಡಿ ಮುಂದೆ ಒಂದು ಸುತ್ತು ಹೊಡೆದು ಎರಡೂ ಬ್ರೇಕ್ ಬೇರೆ ಬೇರೆಯಾಗಿ ಹಿಡಿದು ನೋಡಿ.