ಜಾಲಹಳ್ಳಿಯ ಹುಡುಗ ಕೊಟ್ಟ ಸ್ವಿಚ್ಚು

ಯಡಿಯೂರಿನ ಪಕ್ಕದ ಜಯನಗರ ನಿಲ್ದಾಣದಲ್ಲಿ 2017ರ ಜೂನ್‌ನಿಂದ ಓಡುತ್ತಿರುವ ಮೆಟ್ರೊ ರೈಲಿಗೆ ಮೂರನೇ ಹಳಿಯಿಂದ ಸಿಗುವುದು 750 ವೋಲ್ಟ್ ಡಿ.ಸಿ. ಕರೆಂಟು. ಗಾಲಿ ತಿರುಗಿಸುವ ಮೋಟಾರಿಗೆ ಬೇಕಿರುವುದು ತ್ರೀ ಫೇಸ್ ಎ.ಸಿ. ನಡುವೆ ಕೂತು ಕರೆಂಟಿನ ದಿಕ್ಕನ್ನು, ಹೊರಡುವಾಗ ನಿಧಾನವಾಗಿ, ವೇಗ ಹಿಡಿದಂತೆ ಚುರುಕಾಗಿ ಬದಲಿಸುವುದು ಇನ್ವರ್ಟರ್. ಅದರೊಳಗಿನ ಸ್ವಿಚ್ಚು ಐಜಿಬಿಟಿ.

ಅದನ್ನು ರೂಪಿಸಿದ ಬಿ. ಜಯಂತ್ ಬಾಳಿಗಾ ಬೆಳೆದದ್ದು ನಮ್ಮ ಜಾಲಹಳ್ಳಿಯಲ್ಲಿ, ಓದಿದ್ದು ಬಿಷಪ್ ಕಾಟನ್ ಶಾಲೆಯಲ್ಲಿ. ಮದ್ರಾಸ್ ಐಐಟಿ ಮುಗಿಸಿ ಅಮೆರಿಕಕ್ಕೆ ಹೋದವರು 1974ರಲ್ಲಿ ಜನರಲ್ ಎಲೆಕ್ಟ್ರಿಕ್ ಸೇರಿದರು. ಮೋಟಾರಿನ ವೇಗವನ್ನು ಬೇಕಾದಂತೆ ಏರಿಳಿಸುವ ಸಾಧನ ಆ ಕಂಪನಿಗೆ ಬೇಕಿತ್ತು. ಬೈಪೋಲಾರ್ ಟ್ರಾನ್ಸಿಸ್ಟರ್ ಹೆಚ್ಚು ಕರೆಂಟು ಹೊರುತ್ತಿತ್ತು, ನಡೆಸುವುದು ಕಷ್ಟ; ಮಾಸ್‌ಫೆಟ್‌ ನಡೆಸುವುದು ಸುಲಭ, ವೋಲ್ಟೇಜು ಏರಿದರೆ ಸೋಲುತ್ತಿತ್ತು. ಬಾಳಿಗಾ ಎರಡರ ಗುಣವನ್ನೂ ಒಂದೇ ಸಿಲಿಕಾನ್ ಚೂರಿನಲ್ಲಿ ಕೂಡಿಸಿದರು.

ಆಮೇಲೆ ರಸ್ತೆಯ ಸರದಿ. 2001ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೇವಾ ಕಾರಿನದು ಡಿ.ಸಿ. ಮೋಟಾರು. 2018ರ ಏಥರ್ 450 ಸ್ಕೂಟರಿನ ಹೊತ್ತಿಗೆ ಕಾಯಂ ಅಯಸ್ಕಾಂತದ ತ್ರೀ ಫೇಸ್ ಮೋಟಾರು ಬಂದಿತ್ತು, ಅದಕ್ಕೂ ಇನ್ವರ್ಟರ್ ಬೇಕು.

ಮೋಟಾರಿನ ತೂಕ ಇನ್ನೂ ಇಳಿಯಬೇಕೆಂದರೆ ಅದು ಜೋರಾಗಿ ತಿರುಗಬೇಕು, ಧ್ರುವಗಳು ಹೆಚ್ಚಬೇಕು. ಹತ್ತು ಜೊತೆ ಧ್ರುವಗಳ ಮೋಟಾರು ನಿಮಿಷಕ್ಕೆ 6000 ಸುತ್ತು ತಿರುಗಲು 1000 ಹರ್ಟ್ಸ್‌ನ ಎ.ಸಿ. ಬೇಕು, ನಮ್ಮ ಮನೆಗೆ ಬರುವುದು 50. ಇಂಥ ಹಗುರ ಮೋಟಾರಿನ ಸುರುಳಿಯಲ್ಲಿ ಇಂಡಕ್ಟನ್ಸ್ ಕಡಿಮೆಯಾದ್ದರಿಂದ ಕರೆಂಟು ತಟ್ಟನೆ ಏರುತ್ತದೆ. ಹತೋಟಿಯಲ್ಲಿಡಲು ಸ್ವಿಚ್ಚು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಆಗಬೇಕು. ಐಜಿಬಿಟಿಯಲ್ಲಿ ಆಫ್ ಮಾಡಿದ ಮೇಲೂ ಕ್ಷಣಕಾಲ ಕರೆಂಟು ಉಳಿದು ಪ್ರತಿ ಸಲವೂ ಬಿಸಿ ಹುಟ್ಟುತ್ತದೆ. ಅದನ್ನು ಕಳೆಯಲು ದಪ್ಪ ಅಲ್ಯುಮಿನಿಯಂ ಹಾಕಿದರೆ ಮೋಟಾರಿನಲ್ಲಿ ಉಳಿಸಿದ ತೂಕವೆಲ್ಲ ಇನ್ವರ್ಟರಿಗೆ ಬಂತು!

ಇದಕ್ಕೂ ದಾರಿ ತೋರಿದವರು ಬಾಳಿಗಾ. ಯಾವ ವಸ್ತು ಎಷ್ಟು ಒಳ್ಳೆಯ ಸ್ವಿಚ್ಚಾದೀತು ಎಂದು ಅಳೆಯುವ, ಅವರ ಹೆಸರಿನದೇ ಸೂತ್ರ 1980ರ ದಶಕದ್ದು. ಆ ಲೆಕ್ಕದಲ್ಲಿ ಸಿಲಿಕಾನ್ ಕಾರ್ಬೈಡ್ ಬಹಳ ಮುಂದಿದೆ. ಟೆಸ್ಲಾ ಮಾಡೆಲ್ 3 ಕಾರಿನ ಇನ್ವರ್ಟರಿನಲ್ಲಿ ಈಗ ಅದೇ ಇದೆ. ಹಾಗೆಂದು ಹಳೆಯ ಪೆಟ್ಟಿಗೆಗೆ ಹೊಸ ಸ್ವಿಚ್ಚು ಕೂರಿಸಿದರೆ ನಡೆಯದು. ಇಷ್ಟು ವೇಗದಲ್ಲಿ ಕರೆಂಟು ಕಡಿದರೆ ಉದ್ದನೆಯ ವೈರು ಕೂಡ ವೋಲ್ಟೇಜನ್ನು ಚಿಮ್ಮಿಸಿ ಸ್ವಿಚ್ಚನ್ನೇ ಸುಡುತ್ತದೆ. ಕೆಪಾಸಿಟರು ಸ್ವಿಚ್ಚಿಗೆ ಅಂಟಿದಂತಿರಬೇಕು, ನಡುವೆ ತಾಮ್ರದ ಚಪ್ಪಟೆ ಪಟ್ಟಿಗಳಿರಬೇಕು. ನನ್ನ ಮಟ್ಟಿಗೆ ಈ ಕೆಲಸದ ನಿಜವಾದ ಕುಶಲತೆ ಇಲ್ಲಿದೆ.

2024ರಲ್ಲಿ ಬಾಳಿಗಾ ಅವರಿಗೆ ಫಿನ್ಲೆಂಡಿನ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿ ಸಂದಿತು. ನಮ್ಮ ಶಾಲೆಯ ಪಠ್ಯದಲ್ಲಿ ಅವರ ಪಾಠವೊಂದು ಇರಬೇಕು. ಬಸವನಗುಡಿ, ಬನಶಂಕರಿ ಸುತ್ತಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸಿದ್ಧ ಇನ್ವರ್ಟರ್ ಕೊಂಡು ಜೋಡಿಸುವುದಕ್ಕೇ ನಿಲ್ಲದೆ ಒಂದನ್ನಾದರೂ ತಾವೇ ಕಟ್ಟಲಿ. ನಾಲ್ಕು ಸ್ವಿಚ್ಚು ಸುಟ್ಟರೂ ಚಿಂತೆಯಿಲ್ಲ, ಕಾಲೇಜುಗಳು ಅದರ ಖರ್ಚು ಕೊಡಲಿ.