ಕೃಷಿಗ್ರಾಮದಿಂದ ಪೇಟೆಗೆ: ಹರಿಹರ-ದಾವಣಗೆರೆ ಪರಿಸರದ ನಗರೀಕರಣ

ಬೇಸಾಯದ ಹಳ್ಳಿಗಳೇ ಕಾಲಕ್ರಮದಲ್ಲಿ ಬೆಳೆದು ನಗರಗಳಾದುವೆಂಬುದು ರೂಢಿಯ ತಿಳಿವಳಿಕೆ. ‘ನಗರ ಕ್ರಾಂತಿ’ಯನ್ನು ಕುರಿತು 1950ರಲ್ಲಿ ಬರೆದ ಗಾರ್ಡನ್ ಚೈಲ್ಡ್ ಅವರು ಹೆಚ್ಚುವರಿ ಉತ್ಪನ್ನದ ಸಂಗ್ರಹವನ್ನು ಅದರ ಮುಖ್ಯ ಲಕ್ಷಣಗಳಲ್ಲೊಂದೆಂದು ಗುರುತಿಸಿದ್ದಾರೆ. ಆದರೆ ಆ ಸಂಗ್ರಹ ಯಾರ ಮೂಲಕ, ಎಲ್ಲಿ ನಡೆಯಿತೆಂಬ ಪ್ರಶ್ನೆಗೆ ಎಲ್ಲ ಪ್ರದೇಶಗಳ ಉತ್ತರವೂ ಒಂದೇ ಅಲ್ಲ. ಹರಿಹರ-ದಾವಣಗೆರೆ ಪರಿಸರದ ನಿದರ್ಶನದಿಂದ ಇದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹರಿಹರಕ್ಕಿಂತ ಮೇಲೆ, ತುಂಗಭದ್ರೆಯ ಎಡದಂಡೆಯಲ್ಲಿ ಹಾವೇರಿ ಜಿಲ್ಲೆಯ ಹಳ್ಳೂರು ಇದೆ. ಡಾ. ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ಇಲ್ಲಿ ನಡೆಸಿದ ಉತ್ಖನನದಿಂದ ನವಶಿಲಾಯುಗದಿಂದ ಕಬ್ಬಿಣಯುಗದವರೆಗಿನ ವಸತಿಯ ಸ್ತರಗಳು ಬೆಳಕಿಗೆ ಬಂದವು. ಹುರುಳಿ, ಕಿರುಧಾನ್ಯಗಳ ಬೇಸಾಯ ಮತ್ತು ದನಗಾಹಿತನ ಇಲ್ಲಿಯ ಜೀವನಾಧಾರವಾಗಿದ್ದುವು. ಶತಮಾನಗಳ ಕಾಲ ಜನವಸತಿಯಿದ್ದರೂ, ಕಬ್ಬಿಣದ ಬಳಕೆ ತಿಳಿದಿದ್ದರೂ ಹಳ್ಳೂರು ನಗರವಾಗಲಿಲ್ಲ.

ನಗರತ್ವದ ಮೊದಲ ಸೂಚನೆ ದೊರೆಯುವುದು ಆಡಳಿತದ ಜೊತೆಯಲ್ಲಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯೂ ನವಶಿಲಾಯುಗದ ನೆಲೆಯೇ. ಅಲ್ಲಿಯ ಅಶೋಕನ ಶಾಸನವು ಇಸಿಲದ ಮಹಾಮಾತ್ರರನ್ನು ಹೆಸರಿಸುತ್ತದೆ. ಹಳೆಯ ಕೃಷಿನೆಲೆಯ ಬಳಿಯಲ್ಲೇ ಕ್ರಿ.ಪೂ. 3ನೆಯ ಶತಮಾನದಲ್ಲಿ ಅಧಿಕಾರಿಗಳ ಪಟ್ಟಣವೊಂದಿತ್ತೆಂಬುದು ಇದರಿಂದ ತಿಳಿಯುತ್ತದೆ.

ಹರಿಹರದ ಬೆಳವಣಿಗೆಗೆ ಬೇರೊಂದು ಕಾರಣವಿದೆ. ಹರಿದ್ರಾ-ತುಂಗಭದ್ರಾ ಸಂಗಮದ ಈ ಊರು ಶಾಸನಗಳಲ್ಲಿ ಕೂಡಲೂರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು 1224ರ ಸುಮಾರಿಗೆ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ದತ್ತಿಗಳ ಮೂಲಕ ಸುತ್ತಲಿನ ಗ್ರಾಮಗಳ ಹುಟ್ಟುವಳಿ ದೇವಾಲಯಕ್ಕೆ ಹರಿದುಬಂದು, ಸಂಗಮದ ಊರು ಕ್ಷೇತ್ರಪಟ್ಟಣವಾಯಿತು.

ದಾವಣಗೆರೆಯ ಚರಿತ್ರೆ ಇನ್ನೂ ವಿಶಿಷ್ಟವಾದುದು. 13ನೆಯ ಶತಮಾನದಲ್ಲಿ ಈ ಭಾಗದ ಆಡಳಿತದ ನೆಲೆಯಾಗಿದ್ದುದು ನೆರೆಯ ಬೇತೂರು. ದಾವಣಗೆರೆ ಅದಕ್ಕೆ ಸೇರಿದ ಸಣ್ಣ ಹಳ್ಳಿ. ಹೈದರಾಲಿಯು ಈ ಹಳ್ಳಿಯನ್ನು ಅಪೋಜಿರಾಮನೆಂಬ ಮರಾಠ ಮುಖಂಡನಿಗೆ ಜಹಗೀರಾಗಿ ಕೊಟ್ಟನೆಂದೂ ಆತನು ವರ್ತಕರನ್ನು ಕರೆತಂದು ನೆಲೆಗೊಳಿಸಿದನೆಂದೂ ಬಿ.ಎಲ್. ರೈಸ್ ಅವರ ಗ್ಯಾಸೆಟಿಯರ್ ತಿಳಿಸುತ್ತದೆ. ಮಲೆನಾಡಿನ ಅಡಿಕೆ, ಮೆಣಸು ಈ ಪೇಟೆಯ ವರ್ತಕರ ಮೂಲಕ ವಾಲಾಜಾಪೇಟೆಯವರೆಗೆ ಸಾಗುತ್ತಿದ್ದುವು. 1870ರಲ್ಲಿ ಪುರಸಭೆ, 1997ರಲ್ಲಿ ಜಿಲ್ಲಾಕೇಂದ್ರ, 2007ರಲ್ಲಿ ಮಹಾನಗರಪಾಲಿಕೆ ಹೀಗೆ ದಾವಣಗೆರೆ ಬೆಳೆಯಿತು. ರಾಜಧಾನಿಯ ಮಟ್ಟದಲ್ಲಿದ್ದ ಬೇತೂರು ಹಳ್ಳಿಯಾಗಿ ಉಳಿಯಿತು.

ಇಲ್ಲಿ ಕಾಲಾನುಕ್ರಮ ಗಮನಾರ್ಹ. ಭದ್ರಾ ನಾಲೆಯ ನೀರು ಈ ಬಯಲನ್ನು ಭತ್ತದ ಗದ್ದೆಯಾಗಿಸಿದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಅಷ್ಟರಲ್ಲಿ ಪೇಟೆ ಆಗಲೇ ಬೆಳೆದಿತ್ತು. ಆದುದರಿಂದ ದಾವಣಗೆರೆಯನ್ನು ಮೊದಲು ನಗರವಾಗಿಸಿದ್ದು ಅದರ ಸ್ವಂತ ಹೊಲಗಳ ಸಮೃದ್ಧಿಯಲ್ಲ. ಪರಸ್ಥಳದ ಬೆಳೆಯನ್ನು ಕೊಂಡು, ಕೂಡಿಟ್ಟು, ಸಾಗಿಸುವ ವ್ಯವಸ್ಥೆ. ಮಂಡಿಪೇಟೆ ಎಂಬ ಸ್ಥಳನಾಮ ಈ ಸಂಗತಿಯನ್ನೇ ಉಳಿಸಿಕೊಂಡಿದೆ.

ಕೃಷಿಯು ನಗರಕ್ಕೆ ಅವಶ್ಯಕ, ಆದರೆ ಅದೊಂದೇ ಸಾಲದು. ಈ ಬಯಲಿನಲ್ಲಿ ಅಧಿಕಾರ, ದೇವಾಲಯ, ವ್ಯಾಪಾರ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಊರುಗಳನ್ನು ಆಯ್ದುಕೊಂಡಿವೆ. ಬೆಳೆದ ಊರುಗಳ ಜೊತೆಗೆ ಬೆಳೆಯದೆ ಉಳಿದ ಹಳ್ಳೂರು, ಕುಗ್ಗಿದ ಬೇತೂರುಗಳನ್ನೂ ಅಭ್ಯಸಿಸಿದಾಗ ಮಾತ್ರ ನಗರೀಕರಣದ ಚರಿತ್ರೆ ಪೂರ್ಣವಾಗುತ್ತದೆ.